ನಿಯಮಪುಸ್ತಕದ ಪಿಡಿಎಫ್ ಕೇಳಿದಾಗ

ನಮ್ಮ ಆಟದ ಗುಂಪಿಗೆ ಹೊಸದಾಗಿ ಸೇರಿದ ಗೆಳೆಯರೊಬ್ಬರು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ನಿಯಮಪುಸ್ತಕದ ಪಿಡಿಎಫ್ ಕೇಳಿದಾಗ ನಾನು ಕಳುಹಿಸಲಿಲ್ಲ. ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯದ ಅಂಕವನ್ನು ಕೂಡಿಸಿ, ಅದು ಎದುರಾಳಿಯ ರಕ್ಷಣೆಯ ಅಂಕವನ್ನು ಮುಟ್ಟಿತೇ ಎಂದು ನೋಡುವ ವಿಧಾನಕ್ಕೆ ಅಮೆರಿಕದ ಕಾನೂನಿನಲ್ಲಿ ಕೃತಿಸ್ವಾಮ್ಯವಿಲ್ಲ. ಆದರೆ ಅದನ್ನು ವಿವರಿಸುವ ಬರಹಕ್ಕೂ ಚಿತ್ರಗಳಿಗೂ ಇದೆ. ಹಾಗಾಗಿ ವಿಧಾನವನ್ನು ನನ್ನದೇ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟೆ.

ಆಟದ ಮೂಲ ನಿಯಮಗಳನ್ನು ಇತರರೂ ಬಳಸಲು ಬಿಡುವ, 2000ದಿಂದ ಚಾಲ್ತಿಯಲ್ಲಿದ್ದ ಮುಕ್ತ ಪರವಾನಗಿಯನ್ನು ಬದಲಿಸಲು ಹೊರಟು ಆಟಗಾರರ ತೀವ್ರ ವಿರೋಧ ಎದುರಿಸಿದ ಆಟದ ಪ್ರಕಾಶಕ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ, 2023ರ ಜನವರಿಯಲ್ಲಿ ಮೂಲ ನಿಯಮಗಳ ಎಸ್‌ಆರ್‌ಡಿ 5.1 ಕಡತವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಮೂಲವನ್ನು ಸರಿಯಾಗಿ ಹೆಸರಿಸಿದರೆ ಅದನ್ನು ಯಾರು ಬೇಕಾದರೂ ಹಂಚಬಹುದು, ತಿದ್ದಬಹುದು, ಮಾರಲೂಬಹುದು. ಕೊಟ್ಟ ಅನುಮತಿಯನ್ನು ಸಂಸ್ಥೆ ಹಿಂಪಡೆಯುವಂತಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ. ಗೆಳೆಯರಿಗೆ ಹಾಳೆಯ ಜೊತೆಗೆ ಆ ಕಡತವನ್ನೂ ಕಳುಹಿಸಿದೆ.