ಕೂಡದ ಮೂಳೆಗೆ ಸ್ವಂತ ಮಜ್ಜೆ

ಕೋಲಾರ, 14 ಜುಲೈ 2024, ಭಾನುವಾರ

‘ಸ್ಟೆಮ್ ಸೆಲ್ ಹಾಕಿ ಮೂಳೆ ಬೆಳೆಸ್ತಾರಂತಲ್ಲ ಸಾರ್, ನನಗೂ ಆಗುತ್ತಾ?’ ಓಪಿಡಿಯಲ್ಲಿ ಈ ಪ್ರಶ್ನೆ ಈಗ ಮಾಮೂಲು. ಕೇಳುವವರಲ್ಲಿ ಹೆಚ್ಚಿನವರು ಬೈಕಿನಿಂದ ಬಿದ್ದು, ಮೊಣಕಾಲ ಕೆಳಗಿನ ಟಿಬಿಯಾ ಮುರಿದುಕೊಂಡವರು. ಈ ಮೂಳೆಯ ಕೆಳಭಾಗಕ್ಕೆ ಮಾಂಸದ ಹೊದಿಕೆ ಕಡಿಮೆ, ರಕ್ತ ಸಂಚಾರವೂ ಅಷ್ಟಕ್ಕಷ್ಟೆ. 9 ತಿಂಗಳು ಕಳೆದು, ಕೊನೆಯ 3 ತಿಂಗಳ ಎಕ್ಸ್‌ರೇಗಳಲ್ಲಿ ಏನೂ ಬದಲಾಗದಿದ್ದರೆ ಕೂಡದ ಮುರಿತ ಎಂದು ಲೆಕ್ಕ.

ಇಲ್ಲಿ ಬರೆಯುತ್ತಿರುವುದು ರೋಗಿಯದೇ ಮೂಳೆಯೊಳಗಿನ ಮಜ್ಜೆ ತೆಗೆದು, ಸಾಂದ್ರಗೊಳಿಸಿ, ಅದೇ ದಿನ ಹಾಕುವ ವಿಧಾನದ ಬಗ್ಗೆ. ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿದ ಕೋಶದ ಮಾತೇ ಬೇರೆ. ಅದು ಕಾನೂನಿನ ಪ್ರಕಾರ ಔಷಧ, ಕೇಂದ್ರದ ಅನುಮತಿ ಬೇಕು. ಟ್ರಯಲ್ (ಪ್ರಯೋಗ) ಅಂತ ಹೇಳಿದರೆ ಸಿಟಿಆರ್‌ಐ, ಅಂದರೆ ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆಯ ನೋಂದಣಿ ಸಂಖ್ಯೆ ಕೇಳಿ. ಟ್ರಯಲ್ ಹೆಸರಲ್ಲಿ ದುಡ್ಡು ಕೇಳಿದರೆ ಎದ್ದು ಬನ್ನಿ.

ಮಜ್ಜೆಗೆ ಕೈ ಹಾಕುವ ಮೊದಲು ಮುರಿದ ತುದಿಗಳು ಅಲುಗಾಡದಂತೆ ಹಿಡಿದಿವೆಯೇ ನೋಡಬೇಕು. ಮೂಳೆಯೊಳಗೆ ಹಾಕಿದ ರಾಡು ಸಡಿಲವಾಗಿದ್ದರೆ ದಪ್ಪದ್ದು ಹಾಕಬೇಕು. ಅಲುಗಾಟ ಹೆಚ್ಚಿದ್ದಲ್ಲಿ ಮೂಳೆಯ ಬದಲು ನಾರು ಬೆಳೆಯುತ್ತದೆ. ರಕ್ತ ಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಏರಿ ಸೋಂಕಿನ ಅನುಮಾನ ಬಂದರೆ ಮೊದಲು ಸೋಂಕು ವಾಸಿಯಾಗಲಿ. ಬೀಡಿ, ಸಿಗರೇಟು ಬಿಡದವರಿಗೆ ಇದನ್ನು ಮಾಡಲು ನನಗಂತೂ ಮನಸ್ಸಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಮಜ್ಜೆ ತೆಗೆಯುವಾಗ. ಮಜ್ಜೆಯ ಹತ್ತು ಸಾವಿರದಿಂದ ಒಂದು ಲಕ್ಷ ಕೋಶಗಳಲ್ಲಿ ಮೂಳೆ ಕಟ್ಟಬಲ್ಲ ಮೂಲಕೋಶ (ಸ್ಟೆಮ್ ಸೆಲ್) ಒಂದೇ ಒಂದು. ಅವಸರಕ್ಕೆ 50 ಎಂಎಲ್ ಸಿರಿಂಜು ಹಾಕಿ ಒಂದೇ ಜಾಗದಿಂದ ಎಳೆದರೆ ಮೊದಲ ಒಂದೆರಡು ಎಂಎಲ್ ಮಾತ್ರ ಮಜ್ಜೆ, ಆಮೇಲೆ ಬರುವುದು ಬಹುಪಾಲು ರಕ್ತ. ಆದ್ದರಿಂದ 10 ಎಂಎಲ್ ಸಿರಿಂಜು ಸಾಕು. ಚುರುಕಾಗಿ ಎಳೆದು 2ರಿಂದ 4 ಎಂಎಲ್ ತೆಗೆಯುವುದು, ಸೂಜಿ ತಿರುಗಿಸುವುದು, ಒಂದಿಷ್ಟು ಹಿಂದೆ ಸರಿಸಿ ಮತ್ತೆ ಎಳೆಯುವುದು. ಸೊಂಟದ ಮೂಳೆಯ ಹಿಂಭಾಗದಲ್ಲಿ ಇಳುವರಿ ಮುಂಭಾಗಕ್ಕಿಂತ ಹೆಚ್ಚು, ಆದರೆ ರೋಗಿಯನ್ನು ಬೋರಲು ಮಲಗಿಸಬೇಕು. ಸಿರಿಂಜಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅಥವಾ ಎಸಿಡಿ-ಎ ಮೊದಲೇ ಸವರಿರಬೇಕು. ಮರೆತರೆ ಮಜ್ಜೆ ಹೆಪ್ಪುಗಟ್ಟುತ್ತದೆ, ಕೋಶಗಳೆಲ್ಲ ಆ ಹೆಪ್ಪಿನಲ್ಲೇ ಸಿಕ್ಕಿಬಿದ್ದು ಫಿಲ್ಟರಿನಲ್ಲಿ ಉಳಿಯುತ್ತವೆ.

ನಮ್ಮ ಕಡೆ ಇನ್ನೊಂದು ತಾಪತ್ರಯ. ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಫ್ಲೋರೋಸಿಸ್ ಆದವರ ಸೊಂಟದ ಮೂಳೆ ಎಕ್ಸ್‌ರೇಯಲ್ಲಿ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಅಂಥ ಗಟ್ಟಿ ಮೂಳೆಯಲ್ಲಿ ಸೂಜಿ ಇಳಿಯುವುದೇ ಕಷ್ಟ, ಮಜ್ಜೆಯ ಜಾಗವೂ ಕಿರಿದು. ಸೊಂಟದ ಹಳೇ ಎಕ್ಸ್‌ರೇ ಇದ್ದರೆ ತರಿಸಿ ನೋಡಿ.

60 ಎಂಎಲ್ ಮಜ್ಜೆಯನ್ನು ಸೆಂಟ್ರಿಫ್ಯೂಜಿಗೆ (ಜೋರಾಗಿ ಸುತ್ತಿಸಿ ಪದರ ಬೇರ್ಪಡಿಸುವ ಯಂತ್ರ) ಹಾಕಿದರೆ ತಳದಲ್ಲಿ ಕೆಂಪು ಕಣ, ಮೇಲೆ ಹಳದಿ ಪ್ಲಾಸ್ಮಾ, ನಡುವೆ ತೆಳ್ಳನೆಯ ಮಾಸಲು ಬಿಳಿ ಪದರ. ಬೇಕಾದ್ದು ಆ ಪದರ. ಕೊನೆಗೆ ಕೈಗೆ ಸಿಗುವುದು 7ರಿಂದ 10 ಎಂಎಲ್. ಫ್ರಾನ್ಸಿನ ಎರ್ನಿಗೂ ಅವರ ತಂಡ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೀಗೆ ಸಾಂದ್ರಗೊಳಿಸಿದ ಮಜ್ಜೆ ಚುಚ್ಚಿದ 60 ಟಿಬಿಯಾಗಳಲ್ಲಿ 53 ಕೂಡಿದ್ದವು. ಕೂಡದ ಏಳರಲ್ಲಿ ಹಾಕಿದ ಮೂಲಕೋಶಗಳ ಸಂಖ್ಯೆಯೇ ಕಡಿಮೆಯಿತ್ತು.

ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಯಂತ್ರ) ನೋಡುತ್ತಾ ಸೂಜಿಯ ತುದಿಯನ್ನು ಮುರಿದ ತುದಿಗಳ ನಡುವಿನ ಸಂದಿಗೆ ಮುಟ್ಟಿಸಿ ನಿಧಾನಕ್ಕೆ ಬಿಡಬೇಕು. ಒತ್ತಿ ಬಿಟ್ಟರೆ ಸುತ್ತಲ ಮಾಂಸಕ್ಕೆ ಹರಿದುಹೋಗುತ್ತದೆ. ಸಂದು ದೊಡ್ಡದಿದ್ದರೆ ದ್ರವವೊಂದೇ ನಿಲ್ಲುವುದಿಲ್ಲ. ಮೂಳೆಗೆ ಆಸರೆಯಾಗುವ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಕ್ಯಾಲ್ಸಿಯಂ ಲವಣದ ಹರಳಿಗೋ ರೋಗಿಯದೇ ಮೂಳೆಯ ಚೂರಿಗೋ ಬೆರೆಸಿ ತುಂಬಬೇಕು.

6 ಮತ್ತು 12ನೇ ವಾರಕ್ಕೆ ಎಕ್ಸ್‌ರೇ, ಎದುರಿನಿಂದೊಂದು, ಪಕ್ಕದಿಂದೊಂದು. ಎರಡರಲ್ಲೂ ಸೇರಿ ಕಾಣುವ ನಾಲ್ಕು ಅಂಚುಗಳಲ್ಲಿ ಮೂರು ಬೆಸೆದಿದ್ದು, ಕಾಲೂರಿದಾಗ ನೋವಿಲ್ಲದಿದ್ದರೆ ಊರುಗೋಲು ಬಿಡಿಸಬಹುದು.