ಏಳನೇ ಕ್ಲಾಸಿನ ರಿವಿಷನ್ ಕಾರ್ಡು: ಕೆಲಸ ಎಲ್ಲಿಗೆ ಬಂತು

ನಮ್ಮ ಬೀದಿಯ ಏಳನೇ ಕ್ಲಾಸಿನ ಮಕ್ಕಳಿಗೆ ಮಾಡುತ್ತಿರುವ ರಿವಿಷನ್ ಕಾರ್ಡುಗಳಲ್ಲಿ ಕನ್ನಡ ವ್ಯಾಕರಣ ಮುಗಿಯಿತು. ವಿಜ್ಞಾನವೂ ಬಹುಪಾಲು ಆಯಿತು. ಗಣಿತ ಅರ್ಧಕ್ಕೆ ಬಂದಿದೆ. ಸಮಾಜ ವಿಜ್ಞಾನ ಈಗಷ್ಟೇ ಶುರುವಾಗಿದೆ. ಇಂಗ್ಲಿಷ್‌ಗೆ ಕ್ರಿಯಾಪದಗಳ ಕಾರ್ಡು ಮಾತ್ರ ಸಿದ್ಧ, ಹಿಂದಿಯನ್ನು ಇನ್ನೂ ಮುಟ್ಟಿಲ್ಲ. ಎಸ್‌ಎ-2, ಅಂದರೆ ವರ್ಷದ ಕೊನೆಯ ಪರೀಕ್ಷೆ, ಬರುವುದು ಮಾರ್ಚ್‌ನಲ್ಲಿ. ಟೈಮ್ ಇದೆ, ಆದರೆ ಜಾಸ್ತಿ ಇಲ್ಲ.

ಇವು ನೋಟ್ಸ್ ಅಲ್ಲ. ನೋಟ್ಸ್ ಮಕ್ಕಳ ಹತ್ತಿರ ಬೇಕಾದಷ್ಟಿವೆ. ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋದರೆ ಗೈಡುಗಳ ರಾಶಿಯೇ ಇದೆ. ಓದುವುದಕ್ಕೆ ಬರವಿಲ್ಲ. ಪುಸ್ತಕ ಮುಚ್ಚಿಟ್ಟು "ಈಗ ಹೇಳು ನೋಡೋಣ" ಅನ್ನುವವರಿಗೇ ಬರ. ಅದಕ್ಕೇ ನನ್ನ ಕಾರ್ಡಿನ ಮುಂದುಗಡೆ ಒಂದೇ ಪ್ರಶ್ನೆ. ಹಿಂದುಗಡೆ ಉತ್ತರ, ಅದೂ ಎರಡು ಮೂರು ಸಾಲು.

ಈ ಹಟಕ್ಕೆ ಕಾರಣವಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಓದಿದರು. ಇನ್ನು ಕೆಲವರು ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ ಬಂದರು. ಪರೀಕ್ಷೆಯ ಹಿಂದಿನ ರಾತ್ರಿ "ಎಲ್ಲಾ ಬರುತ್ತೆ" ಅನ್ನುವ ಮಗು ಹಾಲ್‌ನಲ್ಲಿ ಸುಮ್ನೆ ಕೂರುವುದು ಇದಕ್ಕೇ ಅಲ್ವಾ? ಮಗುವಿನ ಬುದ್ಧಿಯಲ್ಲಿ ಕೊರತೆಯಿಲ್ಲ. ಅಭ್ಯಾಸ ಮಾಡಿಸಿದ ರೀತಿಯಲ್ಲಿ ಇದೆ. ಇದನ್ನು ನಾನು ಅಪ್ಪ ಅಮ್ಮಂದಿರಿಗೆ ಮತ್ತೆ ಮತ್ತೆ ಹೇಳುತ್ತೇನೆ.

ಸಂಧಿಯ ಕಾರ್ಡುಗಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದವು. ಮನೆ + ಅಲ್ಲಿ, ಊರು + ಅಲ್ಲಿ ಅನ್ನುವ ಉದಾಹರಣೆ ಮಕ್ಕಳಿಗೆ ಬಾಯಿಪಾಠ. ಹೊಸ ಪದ ಕೊಟ್ಟ ತಕ್ಷಣ ತಡವರಿಸುತ್ತಾರೆ. ಹಾಗಾಗಿ ಉದಾಹರಣೆಗಳನ್ನು ಬಸ್ಸಿನ ಬೋರ್ಡುಗಳಿಂದ ತಂದೆ. ಹಲಸೂರು ಅಂದರೆ ಹಲಸು + ಊರು, ಲೋಪಸಂಧಿ. ವಿದ್ಯಾರಣ್ಯಪುರದಲ್ಲಿ ವಿದ್ಯಾ + ಅರಣ್ಯ, ಸವರ್ಣದೀರ್ಘ. ಮಲ್ಲೇಶ್ವರ ಮತ್ತು ವಿಶ್ವೇಶ್ವರಪುರ ಎರಡರಲ್ಲೂ ಗುಣಸಂಧಿ. ಇದಾದ ಮೇಲೆ ಮಕ್ಕಳೇ ಬೋರ್ಡು ಓದಿಕೊಂಡು ಬರತೊಡಗಿದರು. "ಅಕ್ಕಾ, ರಾಮಾಂಜನೇಯ ಗುಡ್ಡ ಸವರ್ಣದೀರ್ಘ ತಾನೇ?" ಎಂದು ಒಬ್ಬಳು ಗೇಟಿನಿಂದಲೇ ಕೂಗಿದಳು. ಆ ಕಾರ್ಡನ್ನು ಅವಳ ಕೈಯಲ್ಲೇ ಬರೆಸಿದೆ.

ದೊಡ್ಡ ಚರ್ಚೆ ಆದದ್ದು ಹೊಸಕೆರೆಹಳ್ಳಿಯ ಮೇಲೆ. ಹೊಸ + ಕನ್ನಡ ಹೊಸಗನ್ನಡ ಆಗುತ್ತದೆ, ಮಳೆ + ಕಾಲ ಮಳೆಗಾಲ ಆಗುತ್ತದೆ. ಹಾಗಾದರೆ ಹೊಸಗೆರೆಹಳ್ಳಿ ಯಾಕಿಲ್ಲ? ಚಿಕ್ಕಪೇಟೆ ಚಿಕ್ಕಬೇಟೆ ಯಾಕಾಗಲಿಲ್ಲ? ಎಂಥ ಒಳ್ಳೆಯ ಪ್ರಶ್ನೆ! ಆದೇಶಸಂಧಿಯಲ್ಲಿ ಎರಡನೇ ಪದದ ಮೊದಲಿನ ಕ, ತ, ಪ ಸಾಮಾನ್ಯವಾಗಿ ಗ, ದ, ಬ ಆಗುತ್ತವೆ, ಆದರೆ ಎಲ್ಲ ಕಡೆ ಆಗಲೇಬೇಕು ಅಂತಿಲ್ಲ. ಈ ಮಾತನ್ನು ಕಾರ್ಡಿನ ಹಿಂದೆ ಹಾಗೇ ಹಾಕಿದ್ದೇನೆ. ನಿಯಮದ ಜೊತೆ ಅದು ನಿಲ್ಲುವ ಜಾಗವೂ ಗೊತ್ತಿರಬೇಕು. ಇಲ್ಲದಿದ್ದರೆ ನಿಯಮಕ್ಕೆ ಹೊರಗಿನ ಪದ ಬಂದಾಗ ಮಕ್ಕಳು ಗಾಬರಿಯಾಗುತ್ತಾರೆ.

ವಿಜ್ಞಾನದಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಕಾರ್ಡು ಸಾಲದು ಅನ್ನಿಸಿತು. ಅಡುಗೆಮನೆಯ ಅರಿಶಿನ, ಬೀಡಾ ಅಂಗಡಿಯ ಸುಣ್ಣ ತಂದು ಕೂತೆವು. ಸ್ಟೀಲ್ ತಟ್ಟೆಯಲ್ಲಿ ಅರಿಶಿನದ ನೀರು. ಅದಕ್ಕೆ ಚಮಚದ ತುದಿಯಲ್ಲಿ ಚೂರು ಸುಣ್ಣ ಕದಡಿದರೆ ನೀರು ಕೆಂಪಗಾಗುತ್ತದೆ. "ಇದು ಆರತಿ ನೀರು!" ಎಂದರು ಮಕ್ಕಳು. ಹೌದು, ಮದುಮಕ್ಕಳಿಗೆ, ಹೊಸದಾಗಿ ಮನೆಗೆ ಬಂದ ಮಗುವಿಗೆ ದೃಷ್ಟಿ ತೆಗೆಯುವ ಅದೇ ಕೆಂಪು ನೀರು. ಅರಿಶಿನ ಸೂಚಕ, ಸುಣ್ಣ ಪ್ರತ್ಯಾಮ್ಲ. ಆಮೇಲೆ ನಿಂಬೆಹಣ್ಣು ಹಿಂಡಿದೆವು. ಮೊದಲು ಹನಿ ಬಿದ್ದ ಜಾಗದಲ್ಲಿ ಮಾತ್ರ ಹಳದಿ ಚುಕ್ಕೆ. ಚಮಚದಲ್ಲಿ ಕಲಕಿ ಇನ್ನಷ್ಟು ಹಿಂಡಿದಾಗ ತಟ್ಟೆ ಪೂರ್ತಿ ಹಳದಿಗೆ ತಿರುಗಿತು. ತಟಸ್ಥೀಕರಣ ಅನ್ನುವ ಉದ್ದದ ಪದವನ್ನು ಅವತ್ತು ಯಾರೂ ಉರು ಹೊಡೆಯಲಿಲ್ಲ, ಆದರೂ ಅದು ತಲೆಯಲ್ಲಿ ಕೂತಿತು.

ಉಳಿದ ಸುಣ್ಣವನ್ನು ಉಸಿರಾಟದ ಪಾಠಕ್ಕೆ ಬಳಸಿದೆವು. ಸುಣ್ಣವನ್ನು ನೀರಲ್ಲಿ ಕದಡಿ, ಅಲುಗಾಡಿಸದೆ ಇಟ್ಟರೆ ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಬೇರೆ ಲೋಟಕ್ಕೆ ಬಗ್ಗಿಸಿ, ಸ್ಟ್ರಾ ಹಾಕಿ ಮೆಲ್ಲಗೆ ಊದಿದರೆ ಹಾಲಿನ ಬಣ್ಣ ಬರುತ್ತದೆ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದರಿಂದ ಹೀಗೆ. ಮನೆಯಲ್ಲಿ ಮಾಡಿಸುವವರು ದಯವಿಟ್ಟು ಪಕ್ಕದಲ್ಲೇ ಇರಿ. ಸುಣ್ಣದ ನೀರನ್ನು ಬಾಯಿಗೆ ಎಳೆದುಕೊಳ್ಳಬಾರದು, ಕಣ್ಣಿಗೆ ಸಿಡಿಯಬಾರದು.

ಗಣಿತದಲ್ಲಿ ನನಗೆ ಇಷ್ಟವಾದದ್ದು ಆಟೋ ಮೀಟರಿನ ಕಾರ್ಡು. ಬೆಂಗಳೂರಲ್ಲಿ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಕಾಯುವ ಚಾರ್ಜು ಬಿಟ್ಟು ಮೀಟರ್ 90 ತೋರಿಸಿದರೆ ಎಷ್ಟು ದೂರ ಹೋದೆವು? 36 + 18 × (ಎಕ್ಸ್ − 2) = 90. ಬಿಡಿಸಿದರೆ 5 ಕಿ.ಮೀ. ಒಬ್ಬ ಹುಡುಗ ಸಮೀಕರಣ ಬರೆಯದೆ 90ನ್ನು 18ರಿಂದ ಭಾಗಿಸಿ 5 ಎಂದ. 36 ಅಂದರೆ ಎರಡು 18 ಆದ್ದರಿಂದ, 2 ಕಿ.ಮೀ. ದಾಟಿದ ಮೇಲೆ ಆ ದಾರಿ ಯಾವಾಗಲೂ ಸರಿ. ಹಾಗಾದರೆ 1 ಕಿ.ಮೀ. ಹೋದರೆ 18 ರೂಪಾಯಿನಾ ಎಂದು ಕೇಳಿದೆ. ಅಲ್ಲ, ಮಿನಿಮಮ್ 36 ಇದೆಯಲ್ಲ ಎಂದು ಅವನೇ ಹೇಳಿದ. ಒಂದು ಕಾರ್ಡಿನಿಂದ ಇಷ್ಟು ಯೋಚನೆ ಹೊರಟಿತಲ್ಲ, ಅದೇ ಸಂತೋಷ. ಪೂರ್ಣಾಂಕಗಳಿಗೆ ಲಿಫ್ಟ್ ಮತ್ತು ಬೇಸ್‌ಮೆಂಟಿನ ಕಾರ್ಡು ಬರೆದಾಗಿದೆ. ಭಿನ್ನರಾಶಿಗಳ ಭಾಗಾಕಾರ ಮತ್ತು ತ್ರಿಭುಜ ಬಾಕಿ.

ಸಮಾಜ ವಿಜ್ಞಾನದಲ್ಲಿ ಇಸವಿಗಳ ಕಾಟ. ಹಾಗಾಗಿ ಮೈಸೂರು ಸಂಸ್ಥಾನದ ಇತಿಹಾಸವನ್ನು ಇಸವಿ ಇಲ್ಲದ ಚೀಟಿಗಳಾಗಿ ಮಾಡುತ್ತಿದ್ದೇನೆ. ಟಿಪ್ಪು ಮಡಿದದ್ದು, ನಗರ ಪ್ರಾಂತ್ಯದ ರೈತರ ದಂಗೆ, ಬ್ರಿಟಿಷರು ಆಡಳಿತ ಕೈಗೆ ತೆಗೆದುಕೊಂಡದ್ದು, ಒಡೆಯರಿಗೆ ರಾಜ್ಯ ಮರಳಿದ್ದು, ಏಕೀಕರಣ. ಮೊದಲು ಯಾವುದರಿಂದ ಯಾವುದಾಯಿತು ಎಂದು ಜೋಡಿಸಬೇಕು. ಆಮೇಲೆ ಚೀಟಿ ತಿರುಗಿಸಿ 1799, 1831, 1881, 1956 ನೋಡಬೇಕು. ಬ್ರಿಟಿಷರು ಹಿಡಿದಿಟ್ಟುಕೊಂಡದ್ದು ಸರಿಯಾಗಿ 50 ವರ್ಷ ಎಂದು ಗೊತ್ತಾದರೆ ಒಂದು ಇಸವಿಯಿಂದ ಇನ್ನೊಂದು ತಾನಾಗಿ ಸಿಗುತ್ತದೆ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದರು. ಕಬ್ಬನ್ ಪಾರ್ಕಿನ ಹೆಸರಿನಿಂದ ಆ ಕಾಲ ಮಕ್ಕಳಿಗೆ ಬೇಗ ಹತ್ತಿರವಾಗುತ್ತದೆ. ಶಿವನಸಮುದ್ರದ ಚೀಟಿ ಎರಡು ವಿಷಯಕ್ಕೆ ಬರುತ್ತದೆ: 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, 1905ರಲ್ಲಿ ಬೆಂಗಳೂರಿಗೂ ಬಂತು. ವಿಜ್ಞಾನದ ವಿದ್ಯುತ್ ಪಾಠದ ಕಟ್ಟಿನಲ್ಲೂ ಒಂದು ಪ್ರತಿ ಇಟ್ಟಿದ್ದೇನೆ.

ಕಾರ್ಡು ಇಡುವುದಕ್ಕೆ ಮೂರು ಸ್ವೀಟ್ ಡಬ್ಬ. ಮೊದಲ ಡಬ್ಬ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಉತ್ತರ ಸರಿಯಾದರೆ ಕಾರ್ಡು ಮುಂದಿನ ಡಬ್ಬಕ್ಕೆ, ತಪ್ಪಾದರೆ ವಾಪಸ್ ಮೊದಲನೆಯದಕ್ಕೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪದ್ಧತಿ ಇದು. ಎಲ್ಲ ವಿಷಯದ ಕಾರ್ಡೂ ಒಂದೇ ಡಬ್ಬದಲ್ಲಿ ಬೆರೆತಿರುತ್ತವೆ. ಬೇರೆ ಬೇರೆ ಇಟ್ಟರೆ ಮಕ್ಕಳು ಇಷ್ಟದ ವಿಷಯದಲ್ಲೇ ಕೂತುಬಿಡುತ್ತಾರೆ.

ಪ್ರಿಂಟ್ ಮಾಡಿಸುವವರಿಗೆ ಒಂದು ಸಲಹೆ: ಕನ್ನಡ ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದು ಬೇಡ. ಜೆರಾಕ್ಸ್ ಆದಾಗ ಒತ್ತಕ್ಷರ ಮಸಿಯಾಗಿ ಷ್ಟ ಯಾವುದು, ಷ್ಠ ಯಾವುದು ತಿಳಿಯುವುದಿಲ್ಲ.

ಮುಂದಿನ ಕೆಲಸ ಹಿಂದಿಯ ಲಿಂಗ ಮತ್ತು ವಚನ. ಎದುರು ಮನೆಯ ನಿವೃತ್ತ ಮೇಡಂ ಪ್ರಶ್ನೆ ಬರೆದುಕೊಡಲು ಒಪ್ಪಿದ್ದಾರೆ. ಅವರು ಬರೆಯುವಷ್ಟರಲ್ಲಿ ನಾನು ತ್ರಿಭುಜದ ಕಾರ್ಡುಗಳನ್ನು ಮುಗಿಸಬೇಕು.