ಟೆಕ್ಸಸ್ ಶಾಸಕರೂ ತಿಪಟೂರಿನ ಮಾವನವರೂ

2025ರ ಅಕ್ಟೋಬರ್‌ನಲ್ಲಿ ನಮ್ಮ ಕ್ಷೇತ್ರದ ಶಾಸಕರು ಇಲ್ಲಿನ ಲೈಬ್ರರಿಯಲ್ಲಿ ಜನರ ಜೊತೆ ಮಾತಾಡೋಕೆ ಒಂದು ಸಭೆ ಇಟ್ಟುಕೊಂಡಿದ್ದರು. ನಾವಿರೋದು ಡಾಲಸ್‌ನಿಂದ ಉತ್ತರಕ್ಕಿರುವ ಒಂದು ಊರಲ್ಲಿ. ಶಾಸಕರು ರಿಪಬ್ಲಿಕನ್ ಪಕ್ಷದವರು, ಆ ಪಕ್ಷದಲ್ಲೂ ಹಳೇ ಪದ್ಧತಿ, ಧರ್ಮ, ಕಡಿಮೆ ತೆರಿಗೆ ಅಂತ ಗಟ್ಟಿಯಾಗಿ ನಿಲ್ಲುವವರು. ನನಗೆ ಅವರನ್ನು ಕೇಳಬೇಕಾದ್ದು ಬಹಳ ಇತ್ತು. ಊರಿಂದ ಬಂದಿದ್ದ ಮಾವನವರು, "ಎಂಎಲ್‌ಎ ಮೀಟಿಂಗಾ? ನಾನೂ ಬರ್ತೀನಿ ನಡಿಯಮ್ಮ" ಅಂತ ಹೊರಟೇಬಿಟ್ಟರು. ತಿಪಟೂರಿನ ಹತ್ತಿರ ಅವರದು ತೆಂಗಿನ ತೋಟ. ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಸದಸ್ಯರೂ ಆಗಿದ್ದವರು.

ದಾರಿಯಲ್ಲಿ ಮಾವನವರ ಮೊದಲ ಪ್ರಶ್ನೆ, ಇವರಿಗೆ ಸಂಬಳ ಎಷ್ಟು ಅಂತ. ತಿಂಗಳಿಗೆ 600 ಡಾಲರ್, ವರ್ಷಕ್ಕೆ 7,200 ಅಂದೆ. ಅಧಿವೇಶನ ನಡೆಯುವಾಗ ದಿನದ ಭತ್ಯೆ ಬೇರೆ. ಅವರು ನಂಬಲಿಲ್ಲ. ಟೆಕ್ಸಸ್ ವಿಧಾನಸಭೆ ಎರಡು ವರ್ಷಕ್ಕೊಮ್ಮೆ ಮಾತ್ರ ಸೇರುತ್ತದೆ, ಹೆಚ್ಚೆಂದರೆ 140 ದಿನ. ಗವರ್ನರ್ (ಇಲ್ಲಿ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ವಿಶೇಷ ಅಧಿವೇಶನ ಕರೆದರೆ ಮಾತ್ರ ಮತ್ತೆ ಸೇರಬೇಕು. ಎರಡು ವರ್ಷದ ಬಜೆಟ್ಟೂ ಒಟ್ಟಿಗೇ ಆಗುತ್ತದೆ. ಉಳಿದ ದಿನ ಒಬ್ಬರು ವಕೀಲರು, ಒಬ್ಬರು ವ್ಯಾಪಾರಿ, ಒಬ್ಬರು ದನ ಸಾಕುವವರು. "ಹಾಗಾದ್ರೆ ದುಡ್ಡಿರೋರೇ ನಿಲ್ಲಬೇಕು ಅನ್ನು" ಅಂದರು ಮಾವನವರು. ಅವರು ಹೇಳಿದ್ದು ಸರಿ. 600 ಡಾಲರಿಗೆ ಇಲ್ಲಿ ಒಂದು ಕೋಣೆಯ ಮನೆ ಬಾಡಿಗೆಗೂ ಸಿಗಲ್ಲ.

ಹಾಲ್‌ನಲ್ಲಿ ಮಡಚುವ ಕುರ್ಚಿಗಳು, ಮುಂದೆ ಒಂದು ಮೇಜು. ಶಾಸಕರು ಕರಪತ್ರದ ಡಬ್ಬವನ್ನು ತಾವೇ ಹೊತ್ತು ತಂದರು. ಹಾರ ಇಲ್ಲ, ಹಿಂದೆ ಮುಂದೆ ಓಡಾಡುವವರಿಲ್ಲ. ಬಂದಿದ್ದವರಲ್ಲಿ ಹೆಚ್ಚಿನವರು ವಯಸ್ಸಾದ ಬಿಳಿಯರು. ನಮ್ಮವರು ಬೆರಳೆಣಿಕೆ. ಇದು ನನಗೆ ನಿಜವಾಗ್ಲೂ ಬೇಜಾರು ತರಿಸುವ ವಿಷಯ. ರಾಜ್ಯೋತ್ಸವಕ್ಕೆ ಇದರ ಹತ್ತರಷ್ಟು ಜನ ಸೇರುತ್ತೇವೆ. ಬೆಂಗಳೂರು, ದೆಹಲಿ, ವಾಷಿಂಗ್ಟನ್ ಸುದ್ದಿ ನಮ್ಮ ಬಾಯಲ್ಲೇ ಇರುತ್ತದೆ. ಮನೆ ತೆರಿಗೆ, ಮಕ್ಕಳ ಶಾಲೆ, ಕರೆಂಟು, ನೀರು ಎಲ್ಲದಕ್ಕೂ ನಿಯಮ ಮಾಡೋದು ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ. ಅಲ್ಲಿ ನಮ್ಮ ಪರ ಕೈ ಎತ್ತುವವರ ಹೆಸರು ಕೇಳಿದರೆ ಎಷ್ಟೋ ಜನ ಸುಮ್ನೆ ಮುಖ ನೋಡುತ್ತಾರೆ.

ಶಾಸಕರು ಮನೆ ತೆರಿಗೆಯಿಂದ ಶುರು ಮಾಡಿದರು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. 2019ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಮುಂದೆಯೂ ಹಾಕದ ಹಾಗೆ ಮಾಡಿದ್ದಾರೆ. ಅದಕ್ಕೇ ಹೊರೆ ಹೆಚ್ಚಾಗಿ ಮನೆ ಮೇಲೆ ಬೀಳುತ್ತದೆ. ನಮ್ಮ ಬಿಲ್ಲಿನಲ್ಲಿ ಅತಿ ದೊಡ್ಡ ಪಾಲು ಶಾಲಾ ಜಿಲ್ಲೆಯದು, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯದು. ಸ್ವಂತ ಮನೆಯಲ್ಲಿ ವಾಸ ಇರುವವರಿಗೆ ಶಾಲಾ ತೆರಿಗೆಯಲ್ಲಿ ಸಿಗುವ ವಿನಾಯಿತಿಯನ್ನು, ಅಂದರೆ ತೆರಿಗೆ ಲೆಕ್ಕ ಹಾಕುವಾಗ ಮನೆಯ ಬೆಲೆಯಲ್ಲಿ ಬಿಡುವ ಮೊತ್ತವನ್ನು, 2023ರಲ್ಲಿ 40,000 ಡಾಲರಿನಿಂದ ಒಂದು ಲಕ್ಷಕ್ಕೆ ಏರಿಸಿದ್ದರು. ಅದನ್ನು 1,40,000ಕ್ಕೆ ಏರಿಸುವ ವಿಷಯ ನವೆಂಬರ್ 4ರ ಮತದಾನದಲ್ಲಿತ್ತು. 65 ದಾಟಿದವರಿಗೆ ಎರಡು ಲಕ್ಷದವರೆಗೆ. "ಶಾಲಾ ತೆರಿಗೆಯನ್ನು ಒಂದು ದಿನ ಪೂರ್ತಿ ತೆಗೆದುಹಾಕಬೇಕು, ಸಾಲ ತೀರಿದ ಮೇಲೂ ಸರ್ಕಾರಕ್ಕೆ ಬಾಡಿಗೆ ಕಟ್ಟೋದು ಯಾಕೆ?" ಅಂದರು. ಜೋರು ಚಪ್ಪಾಳೆ. ನಾನೂ ತಟ್ಟಿದೆ. ನಮ್ಮ ಪಕ್ಕದ ಮನೆಯ ಅಜ್ಜಿ ಪಿಂಚಣಿಯಲ್ಲಿ ಈ ತೆರಿಗೆ ಕಟ್ಟೋಕೆ ಪಡುವ ಪಾಡು ನೋಡಿದ್ದೇನೆ.

ಆದರೆ ಬಾಡಿಗೆ ಮನೆಯವರಿಗೆ ಈ ವಿನಾಯಿತಿ ಇಲ್ಲ. ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರೆಲ್ಲ ಅಪಾರ್ಟ್‌ಮೆಂಟ್‌ನಲ್ಲೇ ಇರೋದು. ಶಾಲಾ ತೆರಿಗೆ ಹೋದರೆ ಆ ದುಡ್ಡು ಮಾರಾಟ ತೆರಿಗೆಯಿಂದಲೇ ಬರಬೇಕಾಗುತ್ತದೆ. ಅದು ಈಗಾಗಲೇ ನಮ್ಮಲ್ಲಿ ನೂರಕ್ಕೆ 8.25. ಒಬ್ಬ ಯುವಕ ಇದನ್ನೇ ಕೇಳಿದ. ರಾಜ್ಯ ಬೆಳೆದಂತೆ ಆದಾಯವೂ ಬೆಳೆಯುತ್ತದೆ, ಖರ್ಚಿಗೆ ಕಡಿವಾಣ ಹಾಕಬೇಕು ಅಂದರು ಶಾಸಕರು. ಲೆಕ್ಕ ಅಲ್ಲಿಗೇ ನಿಂತಿತು.

ಆಮೇಲೆ ಖಾಸಗಿ ಶಾಲೆಗೆ ಸರ್ಕಾರದ ದುಡ್ಡು. 2025ರ ಮೇ ತಿಂಗಳಲ್ಲಿ ಗವರ್ನರ್ ಗ್ರೆಗ್ ಅಬಾಟ್ ಸಹಿ ಹಾಕಿದ ಕಾನೂನು ಇದು. ನೂರು ಕೋಟಿ ಡಾಲರ್ ತೆಗೆದಿಟ್ಟಿದ್ದಾರೆ. 2026ರ ಶಾಲಾ ವರ್ಷದಿಂದ ಖಾಸಗಿ ಶಾಲೆಗೆ ಹೋಗುವ ಮಗುವಿಗೆ ಸುಮಾರು 10,000 ಡಾಲರ್. 2023ರಲ್ಲಿ ಇದೇ ಯೋಜನೆಯನ್ನು ಬೀಳಿಸಿದ್ದು ಡೆಮಾಕ್ರಟ್ ಪಕ್ಷದವರು ಮಾತ್ರ ಅಲ್ಲ, 21 ರಿಪಬ್ಲಿಕನ್ ಶಾಸಕರೂ ಅವರ ಜೊತೆ ಸೇರಿದ್ದರು. ಅವರಲ್ಲಿ ಹಳ್ಳಿ ಕಡೆಯವರೇ ಜಾಸ್ತಿ. ಅವರ ಕಡೆಯ ಎಷ್ಟೋ ಊರುಗಳಲ್ಲಿ ಖಾಸಗಿ ಶಾಲೆಯೇ ಇಲ್ಲ, ಸರ್ಕಾರಿ ಶಾಲೆಯೇ ಊರಿನ ದೊಡ್ಡ ಉದ್ಯೋಗದಾತ. 2024ರ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆಯಲ್ಲಿ, ಗವರ್ನರ್ ಸ್ವಂತ ಪಕ್ಷದ ಅಂಥವರ ವಿರುದ್ಧವೇ ಪ್ರಚಾರ ಮಾಡಿದರು, ಹಲವರು ಸೋತರು. ನಮ್ಮ ಶಾಸಕರು ಯೋಜನೆಯ ಪರ. "ಮಗು ಎಲ್ಲಿ ಓದಬೇಕು ಅನ್ನೋದು ತಾಯಿ ತಂದೆಗೆ ಬಿಟ್ಟಿದ್ದು" ಅಂದರು.

ಒಬ್ಬ ನಿವೃತ್ತ ಮೇಷ್ಟ್ರಮ್ಮ ಎದ್ದು ನಿಂತರು. ಸರ್ಕಾರಿ ಶಾಲೆಯ ಪ್ರತಿ ಮಗುವಿಗೆ ಕೊಡುವ ಮೂಲ ಮೊತ್ತ 2019ರಿಂದ 6,160 ಡಾಲರ್‌ನಲ್ಲೇ ನಿಂತಿತ್ತು, ಈಗ ಏರಿಸಿದ್ದು 55 ಡಾಲರ್ ಅಲ್ವಾ ಎಂದರು. ಶಾಸಕರು ತಪ್ಪಿಸಿಕೊಳ್ಳಲಿಲ್ಲ. ಮೂಲ ಮೊತ್ತ ಅಷ್ಟೇ, ಆದರೆ ಒಟ್ಟು 850 ಕೋಟಿ ಡಾಲರ್ ಶಾಲೆಗಳಿಗೆ ಹೆಚ್ಚುವರಿಯಾಗಿ ಕೊಟ್ಟಿದ್ದೇವೆ, ಅದರಲ್ಲಿ ದೊಡ್ಡ ಪಾಲು ಮೇಷ್ಟ್ರುಗಳ ಸಂಬಳಕ್ಕೆ ಅಂದರು. ಎರಡೂ ನಿಜ. ಆದರೂ ಪಕ್ಕದ ಪ್ಲೇನೋದಲ್ಲಿ ಆ ಬೇಸಿಗೆಯಲ್ಲೇ ನಾಲ್ಕು ಶಾಲೆ ಮುಚ್ಚಿದ್ದು ನನ್ನ ತಲೆಯಲ್ಲಿತ್ತು. ಮಕ್ಕಳ ಸಂಖ್ಯೆ ಇಳಿದಿದ್ದು ಅದಕ್ಕೆ ಮುಖ್ಯ ಕಾರಣ. ಮಕ್ಕಳು ಕಡಿಮೆಯಾಗುತ್ತಿರುವ ಹೊತ್ತಲ್ಲೇ ಇನ್ನಷ್ಟು ಮಕ್ಕಳನ್ನು ಹೊರಗೆ ಕಳಿಸೋಕೆ ದುಡ್ಡು ಕೊಡೋದು ನನಗೆ ಸರಿ ಕಾಣಲ್ಲ.

ನನ್ನ ಸರದಿ ಬಂತು. ನನ್ನ ಮಗಳು ಆರನೇ ತರಗತಿ. ಆ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನ ಕೋಣೆಯಲ್ಲಿ ಬೈಬಲಿನ ಹತ್ತು ಆಜ್ಞೆಗಳ ಫಲಕ ತೂಗುಹಾಕಬೇಕು. ಅಳತೆಯೂ ಕಾನೂನಲ್ಲೇ ಇದೆ, ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರ. ನಮ್ಮ ಶಾಲೆಯಲ್ಲಿ ಹಾಕಿದ್ದರು. ಯಹೂದಿ, ಕ್ರೈಸ್ತ, ಹಿಂದೂ ಮನೆಗಳವರೆಲ್ಲ ಸೇರಿ ಕೋರ್ಟಿಗೆ ಹೋಗಿದ್ದರಿಂದ, ಫೆಡರಲ್ ನ್ಯಾಯಾಧೀಶರೊಬ್ಬರು ಆಗಸ್ಟ್‌ನಲ್ಲಿ 11 ಶಾಲಾ ಜಿಲ್ಲೆಗಳಿಗೆ ಹಾಕಬೇಡಿ ಅಂತ ತಡೆ ಕೊಟ್ಟರು. ಪ್ಲೇನೋ ಆ ಪಟ್ಟಿಯಲ್ಲಿತ್ತು, ನಾವಿರಲಿಲ್ಲ. ಪ್ಲೇನೋದಲ್ಲಿರುವ ನನ್ನ ಗೆಳತಿಯ ಮಗನ ಕ್ಲಾಸಿನ ಗೋಡೆ ಖಾಲಿ ಇತ್ತು. ನನ್ನ ಮಗಳ ಕ್ಲಾಸಲ್ಲಿ ಫಲಕ ಇದ್ದದ್ದು ಬಿಳಿ ಹಲಗೆಯ ಪಕ್ಕ, ಗಡಿಯಾರದ ಕೆಳಗೆ. ಟೈಮ್ ನೋಡಿದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ನನ್ನ ಹೊರತು ನಿನಗೆ ಬೇರೆ ದೇವರಿರಬಾರದು, ವಿಗ್ರಹ ಮಾಡಿಕೊಳ್ಳಬಾರದು ಅಂತ ಅದರ ಮೇಲಿನ ಸಾಲುಗಳೇ ಹೇಳುತ್ತವೆ.

ನಾನು ಕೇಳಿದ್ದು ಇಷ್ಟು: "ನಮ್ಮ ಮನೆಯಲ್ಲಿ ಗಣಪತಿ ಕೂರಿಸ್ತೀವಿ. ಸರ್ಕಾರದ ಗೋಡೆ ಅದನ್ನು ತಪ್ಪು ಅಂದರೆ ನನ್ನ ಮಗಳಿಗೆ ನಾನು ಏನು ಹೇಳಲಿ?"

ಅವರು ನನ್ನನ್ನೇ ನೋಡಿ ಉತ್ತರಿಸಿದರು. ಈ ದೇಶದ ಕಾನೂನಿನ ಬೇರು ಅಲ್ಲಿದೆ, ಇತಿಹಾಸ ಅಂತ ಅದನ್ನು ಹಾಕಿದ್ದು, ನಿಮ್ಮ ಮಗಳನ್ನು ಯಾರೂ ಪ್ರಾರ್ಥನೆ ಮಾಡು ಅನ್ನಲ್ಲ ಎಂದರು. ಮತ್ತೆ ಮತಕ್ಕೆ ಬಂದರೆ ಮತ್ತೆ ಪರವಾಗಿಯೇ ಹಾಕುತ್ತೇನೆ ಅಂತಲೂ ಹೇಳಿದರು. ಇತಿಹಾಸ ಆದರೆ ಇತಿಹಾಸದ ಕ್ಲಾಸಲ್ಲಿ ಸಾಕಲ್ವಾ, ಗಣಿತದ ಕ್ಲಾಸಿಗೆ ಯಾಕೆ ಅಂದೆ. ಹಿಂದಿನ ಸಾಲಲ್ಲಿ ಯಾರೋ ಗೊಣಗಿದರು. ಅವರನ್ನು ಶಾಸಕರೇ ಸುಮ್ಮನಿರಿಸಿ, "ಅವರು ಕೇಳೋದು ನ್ಯಾಯವಾದ ಪ್ರಶ್ನೆ, ನನಗೂ ಅವರಿಗೂ ಇದರಲ್ಲಿ ಒಮ್ಮತ ಇಲ್ಲ" ಎಂದರು. ಅವರ ನಿಲುವು ತಪ್ಪು ಅಂತಲೇ ನಾನು ಇವತ್ತೂ ಹೇಳುತ್ತೇನೆ. ನನ್ನನ್ನು ಮೆಚ್ಚಿಸೋಕೆ ಮಾತು ತಿರುಗಿಸಲಿಲ್ಲ, ಅದಕ್ಕೆ ಗೌರವವಿದೆ.

ಸಭೆ ಮುಗಿದ ಮೇಲೆ ಮಾವನವರು ನೇರ ಅವರ ಹತ್ತಿರ ಹೋದರು. "ಇಲ್ಲಿ ಬೋರ್ ಎಷ್ಟು ಅಡಿಗೆ ನೀರು ಬರುತ್ತೆ ಕೇಳಮ್ಮ" ಅಂದರು. ಅಷ್ಟು ಹೊತ್ತು ಅಳೆದು ತೂಗಿ ಮಾತಾಡುತ್ತಿದ್ದ ಮನುಷ್ಯ ಒಮ್ಮೆಗೇ ಅರಳಿದರು. ಪಶ್ಚಿಮದ ಕಡೆ ಅವರ ಮನೆತನದ ಜಮೀನಿದೆ, ಅಲ್ಲೂ ನೀರು ವರ್ಷ ವರ್ಷ ಇಳಿಯುತ್ತಿದೆ. ನಾನು ಮಧ್ಯೆ ನಿಂತು ಕನ್ನಡ ಇಂಗ್ಲಿಷ್ ಮಾಡುತ್ತಾ ಹೋದೆ. ಟೆಕ್ಸಸ್‌ನಲ್ಲಿ ನೆಲದಡಿಯ ನೀರು ನೆಲದ ಒಡೆಯನದ್ದೇ. 1904ರ ಒಂದು ಕೋರ್ಟ್ ತೀರ್ಪಿನಿಂದ ಬಂದ ನಿಯಮದಂತೆ, ನೀವು ಎತ್ತಿದ್ದರಿಂದ ಪಕ್ಕದವನ ಬಾವಿ ಬತ್ತಿದರೂ ಸಾಮಾನ್ಯವಾಗಿ ನಿಮ್ಮನ್ನು ಕೇಳುವ ಹಾಗಿಲ್ಲ. ಬಹಳ ಕಡೆ ಸ್ಥಳೀಯ ಅಂತರ್ಜಲ ಮಂಡಳಿಗಳ ಕಟ್ಟುಪಾಡು ಇದೆ. ಶಾಸಕರು ಆ ಹಕ್ಕಿನ ಪರ. ಅವನ ಆಸ್ತಿ ಅವನದು ಅಂದರು.

ಮಾವನವರು ತಲೆ ಅಲ್ಲಾಡಿಸಿದರು. "ನಮ್ಮಲ್ಲೂ ಹಂಗೇ ಅಂದ್ಕೊಂಡು ಕೊರೆದ್ವಿ. ನಾನು ಕೊರೆಸಿದ್ದಕ್ಕೆ ಪಕ್ಕದವನ ಬೋರ್ ನಿಂತೋಯ್ತು. ಅವನು ಇನ್ನೂ ಆಳಕ್ಕೆ ಹೋದ, ನಂದು ನಿಂತೋಯ್ತು. ಈಗ ಸಾವಿರ ಅಡಿ ಹೋದ್ರೂ ಧೂಳೇ ಬರೋದು. ಮರಗಳ ಸುಳಿ ಒಣಗ್ತಾ ಇದ್ರೆ ಹಕ್ಕು ಇಟ್ಕೊಂಡು ಏನು ಮಾಡ್ಲಿ ಅಂತ ಹೇಳು." ನಾನು ಒಂದು ಮಾತೂ ಬಿಡದೆ ಹೇಳಿದೆ. ಶಾಸಕರು ಕೂಡಲೇ ಉತ್ತರ ಕೊಡಲಿಲ್ಲ. ಪಕ್ಕದವನ ಜೊತೆ ಆಮೇಲೆ ಏನಾಯ್ತು ಅಂತ ಕೇಳಿದರು. ಇಬ್ಬರೂ ಸೇರಿ ಕೆರೆ ಹೂಳು ತೆಗೆಸೋಕೆ ಅರ್ಜಿ ಕೊಟ್ಟೆವು ಅಂದರು ಮಾವನವರು. ನೀರಿನ ಕೆಲಸಗಳಿಗೆ ಮಾರಾಟ ತೆರಿಗೆಯಿಂದ ವರ್ಷಕ್ಕೆ ನೂರು ಕೋಟಿ ಡಾಲರ್ ತೆಗೆದಿಡುವ ತಿದ್ದುಪಡಿಯೂ ನವೆಂಬರ್ 4ರ ಮತಪತ್ರದಲ್ಲಿದೆ, ಅದಕ್ಕೆ ನನ್ನ ಬೆಂಬಲ ಇದೆ ಅಂತ ಶಾಸಕರು ಹೇಳಿದರು.

ನಾನೂ ಅದಕ್ಕೆ ಹೌದು ಅಂತಲೇ ಮತ ಹಾಕಿದೆ. ಅವತ್ತಿನ 17 ತಿದ್ದುಪಡಿಗಳೂ ಪಾಸಾದವು. ಅದಾದ ಮೇಲೆ ಇದ್ದದ್ದು 2026ರ ಮಾರ್ಚ್ 3ರ ಪ್ರೈಮರಿ. ಇಲ್ಲಿ ಪಕ್ಷದ ಸದಸ್ಯತ್ವ ಬೇಕಿಲ್ಲ, ಯಾವ ಪಕ್ಷದ ಮತಪತ್ರ ಬೇಕೋ ಕೇಳಿ ತಗೋಬಹುದು. ನಮ್ಮ ಕಡೆ ಗೆಲ್ಲೋದು ಯಾರು ಅಂತ ತೀರ್ಮಾನ ಆಗೋದು ಹೆಚ್ಚಾಗಿ ರಿಪಬ್ಲಿಕನ್ ಪ್ರೈಮರಿಯಲ್ಲೇ. ಅದಕ್ಕೇ ನಾನು ಅದನ್ನೇ ಕೇಳಿ ತಗೋಬೇಕು ಅಂದುಕೊಂಡೆ. ಅದಕ್ಕೂ ಮೊದಲು ನಿಂತವರನ್ನೆಲ್ಲ ಕಂಡು ಕ್ಲಾಸಿನ ಗೋಡೆಯ ಪ್ರಶ್ನೆಯನ್ನೂ ಮಾವನವರ ಬೋರಿನ ಪ್ರಶ್ನೆಯನ್ನೂ ಕೇಳಬೇಕು ಅಂತಲೂ ತೀರ್ಮಾನಿಸಿದೆ. ನಮ್ಮ ಬೀದಿಯ ಇನ್ನೆರಡು ಕನ್ನಡದ ಮನೆಯವರು ನಾವೂ ಬರ್ತೀವಿ ಅಂದರು.